ಅಳಿಯ ರಿಪೇರಿ ಮಾಡಿದ ಟ್ಯಾಂಕು

ನನ್ನ ಅಪ್ಪನಿಗೆ ಒಂದು ಚಟವಿತ್ತು. ಬೀಡಿಯಲ್ಲ, ಎಲೆಯಡಿಕೆಯಲ್ಲ. ಕೊಡ, ಚರಿಗೆ, ಬಕೆಟ್ಟು, ಏನೇ ಕಣ್ಣಿಗೆ ಬಿದ್ದರೂ ಅದು ಸೋರುತ್ತದೆಯೋ ಇಲ್ಲವೋ ಎಂದು ನೋಡದೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಹೊಳೆಮಣ್ಣೂರಿನ ಎದುರು ದಡದಲ್ಲಿ ನಮ್ಮ ಮನೆ. ಮಲಪ್ರಭೆಯಲ್ಲಿ ನೀರಿರುವಷ್ಟು ತಿಂಗಳು ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದು ಅಪ್ಪನ ಕೆಲಸ. ಜೀವನವಿಡೀ ದೋಣಿಯ ತಳ ನೋಡಿಕೊಂಡು ಬಂದವನು. ಯಾರ ಮನೆಗೆ ಹೋದರೂ ಕುಡಿಯಲು ಕೊಟ್ಟ ತಂಬಿಗೆಯನ್ನು ಖಾಲಿ ಮಾಡಿ, ಬೆಳಕಿಗೆ ಹಿಡಿದು, ತಳಕ್ಕೊಂದು ಬೆರಳು ಒರೆಸಿಯೇ ವಾಪಸು ಕೊಡುತ್ತಿದ್ದ. ಅವ್ವ ಅವನನ್ನು ಯಾರ ಮನೆಗೂ ಕರೆದುಕೊಂಡು ಹೋಗಲು ನಾಚುತ್ತಿದ್ದಳು.

ಈ ಚಟದಿಂದಲೇ ನನ್ನ ಮದುವೆಯ ದಿನ ಎಡವಟ್ಟಾಯಿತು.

ನನ್ನ ಗಂಡನ ಊರು ನರೇಗಲ್. ಕುಲ ಒಂದೇ, ಅವರ ಮುತ್ತಜ್ಜನೂ ಹೊಳೆಯಲ್ಲಿ ಹುಟ್ಟು ಹಾಕಿದವನೇ. ಆದರೆ ಅಜ್ಜನ ಕಾಲಕ್ಕೆ ನೀರು ಬಿಟ್ಟು ಎರೆಹೊಲದ ಸೀಮೆಗೆ ಬಂದು ತಗಡಿನ ಕೆಲಸ ಹಿಡಿದರು. ಗಂಡನಿಗೆ ಗ್ಯಾಸ್ ವೆಲ್ಡಿಂಗಿನ ಅಂಗಡಿ. ಪಂಪುಸೆಟ್ಟಿನ ಟ್ಯಾಂಕು, ಔಷಧ ಹೊಡೆಯುವ ಡಬ್ಬಿ, ಟ್ರ್ಯಾಕ್ಟರಿನ ಮಡ್‌ಗಾರ್ಡು, ಎಲ್ಲವೂ ಅವರ ಕೈಗೇ ಬರಬೇಕು. ಕೆಲಸದಲ್ಲಿ ಶಿಸ್ತು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಮದುವೆಗೆಂದು ತಾವೇ ತಿಂಗಳುಗಟ್ಟಲೆ ಕೂತು ಒಂದು ತಾಮ್ರದ ಹಂಡೆ ಮಾಡಿದ್ದರು. ಅದನ್ನು ಹಂದರದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಬಂದವರೆಲ್ಲ ಹೊಗಳಿದರು. ಅಪ್ಪನೂ ಬಂದ. ಅರಿಷಿಣ ಹಚ್ಚಿದ ಕೈಯಲ್ಲೇ ಒಂದು ಕೊಡ ನೀರು ತಂದು ಹಂಡೆಗೆ ಸುರಿದ. ಕುಕ್ಕರಗಾಲಲ್ಲಿ ಕೂತು ಸುತ್ತ ಬೆರಳಾಡಿಸಿದ. ಆಮೇಲೆ ಇಡೀ ಹಂದರಕ್ಕೆ ಕೇಳುವ ಹಾಗೆ, ಬಹಳ ಪ್ರೀತಿಯಿಂದಲೇ ಹೇಳಿದ:

"ಇಲ್ಲಿ ಒಂದು ಹನಿ ಸೋರತೈತಿ ನೋಡ್ರಿ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಸಿಂಗ ಕಟ್ಟಿಕೊಂಡು ಕೂತಿದ್ದ ನನ್ನ ಗಂಡನ ಕಿವಿ ಕೆಂಪಾದದ್ದನ್ನು ಪಕ್ಕದಲ್ಲಿದ್ದ ನಾನೊಬ್ಬಳೇ ನೋಡಿದೆ.

ಅಲ್ಲಿಂದ ಒಂದು ವರ್ಷ ಮಾವ ಅಳಿಯ ನೆಟ್ಟಗೆ ಮಾತಾಡಲಿಲ್ಲ. ಅಪ್ಪ ಫೋನ್ ಮಾಡಿದರೆ ಇವರು "ಹಾಂ, ಕೊಡ್ತೀನಿ" ಎಂದು ನನ್ನ ಕೈಗೆ ತುರುಕಿ ಹೊರಗೆ ಹೋಗುತ್ತಿದ್ದರು. ಅಪ್ಪನೋ ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಂಡು ಓಡಾಡಿದ. ನಮ್ಮ ಕಡೆ ಅಳಿಯನ ಕೆಲಸಕ್ಕೆ ಹೆಸರಿಡುವುದೆಂದರೆ, ತಪ್ಪು ಎತ್ತಿ ಆಡುವುದೆಂದರೆ, ಸಣ್ಣ ಮಾತಲ್ಲ. ಆ ಮಾತು ಮಾವನ ಬಾಯಿಂದ ಹೊರಟು ಮಗಳ ತಲೆಯ ಮೇಲೆ ಬೀಳುತ್ತದೆ ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ನನ್ನ ತಲೆಯ ಮೇಲೆ ಏನೂ ಬೀಳಲಿಲ್ಲ, ಸುಳ್ಳು ಯಾಕೆ ಹೇಳಲಿ. ಗಂಡ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ನನಗೆ ಅವರಿಬ್ಬರೂ ಬೇಕಾಗಿತ್ತು. ಒಂದು ಕಟ್ಟೆಯ ಮೇಲೆ ಇಬ್ಬರೂ ಕೂತು, ಹಾಳು ಹರಟೆ ಹೊಡೆದು, ನನ್ನನ್ನು ಕೂಗಿ ಚಹಾ ಕೇಳಬೇಕು. ಆ ಒಂದು ನೋಟಕ್ಕಾಗಿ ನಾನು ಕಂಡ ದೇವರಿಗೆಲ್ಲ ಕೈ ಮುಗಿದೆ.

ಅಂಥ ಹೊತ್ತಿಗೆ ಅಪ್ಪನ ದೋಣಿಯ ಡೀಸೆಲ್ ಟ್ಯಾಂಕು ಸೋರತೊಡಗಿತು.

ಅದು ಮರದ ದೋಣಿ. ಹಿಂದಿನ ಭಾಗದಲ್ಲಿ ಹಳೆಯ ಪಂಪಿನ ಎಂಜಿನ್ ಕೂರಿಸಿ ನೀರೊಳಗೆ ತಿರುಗುವ ಪಂಕ ಕಟ್ಟಿದ್ದರು. ಕೂರುವ ಹಲಗೆಯ ಕೆಳಗೆ ಉದ್ದಕ್ಕೆ ಮಲಗಿಸಿದ ಕಬ್ಬಿಣದ ಟ್ಯಾಂಕು. ತುಕ್ಕು ತಿಂದು ಅದರ ತಳ ಜಾಳಾಗಿತ್ತು. ಬಟ್ಟೆ ಒಗೆಯುವ ಸೋಪನ್ನು ತಿಕ್ಕಿ ತೂತು ಮುಚ್ಚುವುದು ನಮ್ಮ ಸೀಮೆಯ ರೈತರಿಗೆಲ್ಲ ಗೊತ್ತಿರುವ ವಿದ್ಯೆ. ಡೀಸೆಲ್ಲಿಗೆ ಸೋಪು ಕರಗುವುದಿಲ್ಲ, ನಾಲ್ಕು ದಿನ ತಡೆಯುತ್ತದೆ. ಅಪ್ಪ ಹೊಳೆ ಬತ್ತುವ ತನಕ ಸೋಪಿನ ಮೇಲೆ ಕಾಲ ಹಾಕಿದ. ಅವ್ವ ಫೋನಿನಲ್ಲಿ ಬೈದುಕೊಂಡಳು: "ಅರಿವಿ ಒಗ್ಯಾಕ ನನಗ ಸೋಪಿಲ್ಲ, ನಿಮ್ಮಪ್ಪನ ದೋಣಿಗೆ ಮಾತ್ರ ದಿನಾ ಜಳಕ!"

ಹೊಸ ನೀರು ಬರಲು ಒಂದೂವರೆ ತಿಂಗಳಿತ್ತು. ಅಷ್ಟರೊಳಗೆ ಟ್ಯಾಂಕು ಸರಿಯಾಗಲೇಬೇಕು. ಅಪ್ಪ ರೋಣದಲ್ಲಿ ಯಾರಿಗಾದರೂ ಕೊಡುವ ಯೋಚನೆಯಲ್ಲಿದ್ದ. ನಾನು ಬಿಡಲಿಲ್ಲ. ಅಪ್ಪನಿಗೆ ಹೇಳಿದೆ, "ಅವ್ರೇ ಕೇಳಾಕತ್ತಾರ, ಮಾವಾರ ಟ್ಯಾಂಕು ಬ್ಯಾರೇದವ್ರ ಕೈಗೆ ಯಾಕ ಅಂತ." ಗಂಡನಿಗೆ ಹೇಳಿದೆ, "ಅಪ್ಪ ಅಂದಾನ, ಅಳಿಯನ ಕೈ ಬಿಟ್ಟು ಬ್ಯಾರೆ ಕೈ ಹಚ್ಚಸೂದಿಲ್ಲ ಅಂತ." ಎರಡೂ ಹಸಿ ಸುಳ್ಳು. ಅವತ್ತು ಆ ಸುಳ್ಳಿಗೆ ನಾನು ಪಶ್ಚಾತ್ತಾಪ ಪಡಲಿಲ್ಲ. ಇಬ್ಬರೂ ಫೋನಿನಲ್ಲಿ ಮಾತಾಡುತ್ತಿರಲಿಲ್ಲವಾದ್ದರಿಂದ ಸಿಕ್ಕಿಬೀಳುವ ಭಯವೂ ಇರಲಿಲ್ಲ.

ಅಪ್ಪ ಟ್ಯಾಂಕನ್ನು ಗೋಣಿಚೀಲದಲ್ಲಿ ಸುತ್ತಿ, ಎರಡು ಬಸ್ಸು ಬದಲಿಸಿ ನರೇಗಲ್ಲಿಗೆ ಬಂದ. ಡೀಸೆಲ್ ವಾಸನೆಗೆ ಕಂಡಕ್ಟರು ರೋಣದಿಂದ ಬಾಗಿಲ ಮೆಟ್ಟಿಲ ಮೇಲೇ ನಿಲ್ಲಿಸಿದ್ದನಂತೆ. ಇನ್ನೊಂದು ಕೈಯಲ್ಲಿ ಹೊಳೆಯ ಉಸುಕಿನಲ್ಲಿ ಬೆಳೆದ ಸೌತೆಕಾಯಿಯ ಚೀಲ. ಅಂಗಡಿಯ ಮುಂದೆ ಟ್ಯಾಂಕು ಇಳಿಸಿ, "ನಿಮ್ಮ ಮನಸಿಗೆ ಹ್ಯಾಂಗ ಬರತೈತಿ ಹಂಗ ಮಾಡ್ರಿ" ಎಂದ. ಗಂಡ ತಲೆಯಾಡಿಸಿದರು. ಒಳಗೆ ಬಂದ ಅಪ್ಪ ಒಂದು ಲೋಟ ಚಹಾ ಕುಡಿದ, ಊಟಕ್ಕೆ ಕೂಡಲಿಲ್ಲ. ಮೊದಲ ಕೂಸು ಹುಟ್ಟುವ ತನಕ ಮಗಳ ಮನೆಯಲ್ಲಿ ಉಣ್ಣಬಾರದು, ಮಲಗಬಾರದು ಎಂಬುದು ನಮ್ಮ ಮನೆತನದ ನೇಮ. ಅವತ್ತು ಚಹಾದ ಲೋಟವನ್ನು ಬೆಳಕಿಗೆ ಹಿಡಿದು ನೋಡಲೂ ಇಲ್ಲ. ಮುಂದಿನ ಬಸ್ಸಿಗೆ ಹೊರಟುಬಿಟ್ಟ.

ಗಂಡ ಆ ಟ್ಯಾಂಕನ್ನು ತಲೆಯ ಮೇಲೆ ಹೊತ್ತು ಕುಣಿದರೆಂದೇ ಹೇಳಬೇಕು. ಅಂಗಡಿಯ ಬೇರೆ ಕೆಲಸವೆಲ್ಲ ಮೂಲೆಗೆ ಸರಿಯಿತು. ಎಣ್ಣೆಯ ಟ್ಯಾಂಕಿಗೆ ಬೆಂಕಿ ಹಿಡಿಯುವುದು ಅಪಾಯದ ಕೆಲಸ. ಒಳಗೆ ಆವಿ ಉಳಿದಿದ್ದರೆ ಸಿಡಿಯುತ್ತದೆ. ಸೋಡಾ ಹಾಕಿದ ಕುದಿಯುವ ನೀರಿನಿಂದ ಮೂರು ಸಲ ತೊಳೆದರು, ಒಂದಿಡೀ ದಿನ ಬಿಸಿಲಿಗೆ ಬಾಯಿ ತೆರೆದಿಟ್ಟರು, ಆಮೇಲೆ ಉಳಿಯಿಂದ ತಳವನ್ನು ಕತ್ತರಿಸಿ ತೆಗೆದರು. ನಾನು ಹೊಸ್ತಿಲಲ್ಲಿ ಕೂತು ಸೊಪ್ಪು ಸೋಸುತ್ತ ನೋಡುತ್ತಿದ್ದೆ. ತಳ ತೆಗೆದೊಡನೆ ಅವರು ಹುಬ್ಬು ಗಂಟಿಕ್ಕಿದರು.

"ಇಲ್ಲಿ ಬಾ, ನೋಡು ಮಜಾ. ಯಾವ ಶಾಣ್ಯಾ ಮಾಡ್ಯಾನೋ, ಡಬ್ಬಿ ಒಳಗ ಗ್ವಾಡಿ ಕಟ್ಟ್ಯಾನ!"

ಹೌದು, ಟ್ಯಾಂಕಿನೊಳಗೆ ಅಡ್ಡಲಾಗಿ ಎರಡು ತಗಡುಗಳಿದ್ದವು. ಎರಡರ ತುಂಬ ಬೆರಳು ಹಿಡಿಯುವಷ್ಟು ತೂತುಗಳು. ಗಂಡನ ಕೈಯಲ್ಲಿ ಅಷ್ಟು ವರ್ಷ ಸಾವಿರ ಪಂಪಿನ ಟ್ಯಾಂಕುಗಳು ಹಾದುಹೋಗಿದ್ದವು, ಯಾವುದರಲ್ಲೂ ಇಂಥದ್ದನ್ನು ಕಂಡಿರಲಿಲ್ಲ. ಪಂಪು ಬಾವಿಯ ದಂಡೆಯ ಮೇಲೆ ಬಸವಣ್ಣನ ಹಾಗೆ ಕೂತಲ್ಲೇ ಕೂತಿರುತ್ತದೆ, ಅದರ ಟ್ಯಾಂಕಿಗೆ ಯಾಕೆ ಬೇಕು ಗೋಡೆ? ಎಣ್ಣೆ ಹರಿದಾಡಲು ಅಡ್ಡಿ, ಕಸ ಕೂರಲು ಜಾಗ ಎಂದು ಎರಡನ್ನೂ ಕಿತ್ತು ಬಿಸಾಡಿದರು. ನಾನಾದರೂ ಹೊಳೆಯ ಮಗಳು, ತಿಳಿಯಬೇಕಿತ್ತು. ಆದರೆ ಆ ಟ್ಯಾಂಕಿನ ಮೇಲಿನ ಹಲಗೆಯ ಮೇಲೆ ಕೂತು ಶಾಲೆಗೆ ಹೋದವಳೇ ಹೊರತು ಅದರ ಹೊಟ್ಟೆಯೊಳಗೆ ಏನಿದೆ ಎಂದು ನಾನೂ ಕಂಡಿರಲಿಲ್ಲ. ತೂತಿನ ತಗಡು ಬಹಳ ಉಪಯೋಗಕ್ಕೆ ಬರುವಂತೆ ಕಂಡಿತು. ಒಂದನ್ನು ತಿಕ್ಕಿ ತೊಳೆದು ಬಚ್ಚಲ ಮೋರಿಯ ಬಾಯಿಗೆ ಮುಚ್ಚಿದೆ. ಅಳತೆಗೆ ಮಾಡಿಸಿದಂತೆ ಕೂತಿತು. ಕಸಕಡ್ಡಿ ಮೋರಿಗೆ ಹೋಗದೆ ನಿಂತಿತು. ಗಂಡ ನನ್ನ ಜಾಣತನವನ್ನು ಹೊಗಳಿದರು.

ಹೊಸ ತಳ, ಹೊಸ ಮುಚ್ಚಳ, ಮೇಲೆ ಎರಡು ಸಲ ಹಸಿರು ಬಣ್ಣ. ನೀರು ತುಂಬಿಸಿ ಎರಡು ದಿನ ಕಾಗದದ ಮೇಲೆ ಇಟ್ಟರು. ಹಂಡೆಯ ಅವಮಾನ ಅವರಿಗೆ ಮರೆತಿರಲಿಲ್ಲ. ಕಾಗದಕ್ಕೆ ಒಂದು ಚುಕ್ಕೆ ತಾಕಲಿಲ್ಲ.

ಅಪ್ಪ ಒಯ್ಯಲು ಬಂದ ದಿನ ಗಂಡ ಕೈಕಟ್ಟಿಕೊಂಡು ಅಂಗಡಿಯ ಕಂಬಕ್ಕೆ ಒರಗಿ ನಿಂತರು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಅಪ್ಪ ಟ್ಯಾಂಕಿನ ಸುತ್ತ ಬೆರಳಾಡಿಸಿದ. ಎತ್ತಿ ತೂಕ ನೋಡಿದ. ತಳದಲ್ಲಿ ಉಳಿದಿದ್ದ ಒಂದಿಷ್ಟು ನೀರು ಒಳಗೆ ಆ ತುದಿಯಿಂದ ಈ ತುದಿಗೆ ದಡದಡ ಓಡಿತು. ಅಪ್ಪನ ಕೈ ಅಲ್ಲೇ ನಿಂತಿತು. ಇನ್ನೊಮ್ಮೆ ಅಲುಗಾಡಿಸಿದ. ನನ್ನ ಕಡೆ ಒಂದು ಸಲ ನೋಡಿದ, ಗಂಡನ ಕಡೆ ಒಂದು ಸಲ ನೋಡಿದ.

"ಭಾಳ ಚಲೋ ಆಗೈತ್ರಿ. ಹೆಸರಿಡಾಕ ಜಾಗಾನ ಇಲ್ಲ."

ಗಂಡನ ಮುಖ ಅರಳಿತು. ಆ ದಿನ ಊಟಕ್ಕೆ ಎರಡು ರೊಟ್ಟಿ ಹೆಚ್ಚು ಉಂಡರು, "ನಿಮ್ಮಪ್ಪಗ ಕೆಲಸದ ಬೆಲೆ ಗೊತ್ತಾಗತೈತಿ ಬಿಡು" ಎಂದರು. ನಾನಂತೂ ಗೆದ್ದೆ ಎಂದುಕೊಂಡೆ. ಅಪ್ಪನ ಕೈ ಯಾಕೆ ನಿಂತಿತು ಎಂದು ಕೇಳುವಷ್ಟು ಬುದ್ಧಿ ನನಗೆ ಅವತ್ತು ಬರಲಿಲ್ಲ. ಬೇಕಾದದ್ದು ಸಿಕ್ಕಿದಾಗ ಯಾರು ತಾನೇ ಕೆದಕಿ ನೋಡುತ್ತಾರೆ.

ಶ್ರಾವಣ ಬಂತು. ನನಗೆ ಏಳು ತಿಂಗಳು. ಪಂಚಮಿಗೂ ಬಾಣಂತನಕ್ಕೂ ಕೂಡಿಯೇ ಕರೆಯಲು ಅಪ್ಪ ಬಂದ. ಬಂದವನು ಕಾಲು ತೊಳೆಯಲು ಬಚ್ಚಲಿಗೆ ಹೋದ. ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಇಣುಕಿ ನೋಡಿದರೆ ಕೈಯಲ್ಲಿ ಚರಿಗೆ ಹಿಡಿದುಕೊಂಡು ಮೋರಿಯನ್ನೇ ನೋಡುತ್ತ ನಿಂತಿದ್ದಾನೆ. ಕಾಲ ಮೇಲಿಂದ ನೀರು ತೂತಿನ ತಗಡಿನೊಳಗೆ ಇಳಿದು ಹೋಗುತ್ತಿದೆ.

"ಏನಪಾ, ಏನ ನೋಡಾಕತ್ತಿ?"

"ಏನಿಲ್ಲವ್ವಾ. ನೀರ ಚಲೋ ಹರದ ಹೋಗ್ತಾವ."

ಟವೆಲ್ಲು ಕೊಟ್ಟೆ. ಒರೆಸಿಕೊಳ್ಳುವಾಗ ಬಲಗೈಯನ್ನು ಭುಜದ ಮೇಲಕ್ಕೆ ಎತ್ತಲಾರದೆ ಎಡಗೈಯಿಂದ ಒರೆಸಿಕೊಂಡ. ಕೇಳಿದರೆ, ವಯಸ್ಸಾತಲ್ಲ ಎಂದ. ಗಂಡ ಒಳಗೆ ಬಂದು, "ಇನ್ನ ನಾಕ ದಿನ ಕೆಲಸ ಐತಿ. ಮುಗಿಸಿ ನಾನ ಕರಕೊಂಡು ಬರ್ತೀನಿ" ಎಂದರು. ಮದುವೆಯಾದ ಮೇಲೆ ಅವರು ನನ್ನ ತವರಿಗೆ ಕಾಲಿಡುತ್ತೇನೆಂದದ್ದು ಅದೇ ಮೊದಲು. ಖುಷಿಗೆ ನನ್ನ ಕಣ್ಣು ತುಂಬಿದವು. ಅಪ್ಪನ ಮುಖದಲ್ಲಿ ಮಾತ್ರ ಖುಷಿಗಿಂತ ಗಾಬರಿಯೇ ಹೆಚ್ಚು ಕಂಡಿತು. "ಹೊಳಿ ಭಾಳ ಐತ್ರಿ ಈ ಸಲ. ನೀವು ತ್ರಾಸ ತಗೋಬ್ಯಾಡ್ರಿ, ನಾನ ಕರಕೊಂಡು ಹೋಗ್ತೀನಿ" ಎಂದ. ಗಂಡ ಕೇಳಲಿಲ್ಲ.

ನಾಲ್ಕು ದಿನದ ಮೇಲೆ ನಾವಿಬ್ಬರೂ ಹೊಳೆಮಣ್ಣೂರಿನ ದಡಕ್ಕೆ ಬಂದು ನಿಂತಾಗ ಮಧ್ಯಾಹ್ನ ಇಳಿಯುತ್ತಿತ್ತು. ಹೊಳೆ ಎರಡೂ ದಂಡೆ ಕೂಡಿ ಕೆಂಪಗೆ ಹರಿಯುತ್ತಿತ್ತು. ಆ ನೀರಿನ ವಾಸನೆಗೆ ನನ್ನ ಎದೆ ಹಿಗ್ಗಿತು. ಅಪ್ಪ ದೋಣಿ ತಂದ. ಹಸಿರು ಟ್ಯಾಂಕು ಹಲಗೆಯ ಕೆಳಗೆ ಮದುಮಗಳ ಹಾಗೆ ಕೂತಿತ್ತು. ಎಂಜಿನ್ ಬಂದಾಗಿನಿಂದ ಮನೆಯ ಜಂತೆ ಸೇರಿದ್ದ ಎರಡು ಹುಟ್ಟುಗಳೂ ಈಗ ದೋಣಿಯ ಪಕ್ಕದಲ್ಲಿ ಕೈಗೆಟುಕುವಂತೆ ಇದ್ದವು. ನಾನು ಅದನ್ನು ಕಂಡೆ, ಯಾಕೆಂದು ಯೋಚಿಸಲಿಲ್ಲ. ನಮ್ಮ ಜೊತೆ ಹುಲ್ಲಿನ ಹೊರೆಯ ಒಬ್ಬ ಮುದುಕ, ಸಂತೆ ಮುಗಿಸಿ ಬಂದ ಇಬ್ಬರು ಹೆಂಗಸರು. ಅಪ್ಪ ಟ್ಯಾಂಕಿನ ಮುಚ್ಚಳ ತೆಗೆದು, ತಳದಲ್ಲಷ್ಟೇ ಎಣ್ಣೆ ಉಳಿದದ್ದನ್ನು ನೋಡಿ, ಡೀಸೆಲ್ ಕ್ಯಾನನ್ನು ಎತ್ತಿ ಅಲುಗಾಡಿಸಿದ. ಕ್ಯಾನು ಖಾಲಿ. ಆ ದಿನ ಜನ ಬಹಳವಿದ್ದರಂತೆ. ಒಂದು ಗಳಿಗೆ ತಡೆದು, ನನ್ನ ಹೊಟ್ಟೆಯ ಕಡೆ ನೋಡಿ, ಹೊತ್ತು ಇಳಿಯುವುದನ್ನು ನೋಡಿ, ಎಂಜಿನ್ ಹಚ್ಚಿದ.

ನಡು ಹೊಳೆಯಲ್ಲಿ ಸೆಳವಿನ ಮೊದಲ ಅಲೆಗೆ ದೋಣಿಯ ಮೂತಿ ಎದ್ದಿತು. ಟ್ಯಾಂಕಿನೊಳಗೆ ದಡದಡ ಎಂದಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತೇ ಹೋಯಿತು.

ಹೊಳೆಯಲ್ಲಿ ಎಂಜಿನ್ ನಿಂತಾಗ ಕವಿಯುವ ನಿಶ್ಶಬ್ದವನ್ನು ನಾನು ಎಂದೂ ಮರೆಯಲಾರೆ. ದೋಣಿ ಅಡ್ಡ ತಿರುಗಿತು. ಅಪ್ಪ ಆಗಲೇ ಹುಟ್ಟು ಹಿಡಿದಿದ್ದ. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ಹುಲ್ಲಿನ ಮುದುಕ ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

"ಮತ್ತ ನಿಂತ್ತೇನ? ದಿನಾ ಇದ ಆತಲ್ಲೋ ಮಾರಾಯ. ಯಾವ ಪುಣ್ಯಾತ್ಮ ರಿಪೇರಿ ಮಾಡಿದ್ನೋ ಆ ಟ್ಯಾಂಕು!"

ಅಪ್ಪ ಅವನ ಮೇಲೆ ಹರಿಹಾಯ್ದ. "ಬಾಯಿ ಮುಚ್ಚಿಕೊಂಡು ಕುಂಡ್ರು. ಡೀಸೆಲ್‌ದಾಗ ಕಸ ಬಂದೈತಿ. ಟ್ಯಾಂಕಿಗೇನ ಆಗೈತಿ?"

ಗಂಡ ಬಗ್ಗಿ ಮುಚ್ಚಳ ತೆಗೆದರು, ಒಳಗೆ ಕಣ್ಣಿಟ್ಟರು. ದೋಣಿ ಈ ಕಡೆ ವಾಲಿದಾಗ ಇದ್ದಷ್ಟೂ ಎಣ್ಣೆ ಈ ತುದಿಗೆ ಓಡುತ್ತಿತ್ತು, ಆ ಕಡೆ ವಾಲಿದಾಗ ಆ ತುದಿಗೆ. ಎಂಜಿನ್ನಿಗೆ ಹೋಗುವ ನಳಿಗೆಯ ಬಾಯಿ ಬರಿದಾಗಿ ಗಾಳಿ ಎಳೆದುಕೊಳ್ಳುತ್ತಿತ್ತು. ಪಂಪಿಗೆ ಗಾಳಿ ಹಿಡಿದರೆ ಏನಾಗುತ್ತದೆ ಎಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ. ತೂತಿನ ಆ ಎರಡು ತಗಡುಗಳು ಏತಕ್ಕಾಗಿ ಇದ್ದವು ಎಂಬುದು ಅವರಿಗೂ ನನಗೂ ಒಂದೇ ಕ್ಷಣದಲ್ಲಿ ತಿಳಿಯಿತು. ಎಣ್ಣೆ ಒಮ್ಮೆಲೇ ಓಡದ ಹಾಗೆ ತಡೆದು ತಡೆದು ಬಿಡಲು. ಅವುಗಳಲ್ಲಿ ಒಂದರ ಮೇಲೆ ನಾನು ದಿನಾ ಪಾತ್ರೆ ತೊಳೆದ ನೀರು ಚೆಲ್ಲುತ್ತಿದ್ದೆ. ಅದರ ಮೇಲೆ ನಿಂತು ಅಪ್ಪ ಕಾಲು ತೊಳೆದಿದ್ದ.

ಗಂಡ ಎರಡನೆಯ ಹುಟ್ಟನ್ನು ಎತ್ತಿಕೊಂಡು ನೀರಿಗೆ ಹಾಕಿದರು. ಅಂಬಿಗರ ಮರಿಮಗ, ಹಾಕಿದ್ದು ಉಲ್ಟಾ. ದೋಣಿ ಗಿರ್ರನೆ ಸುತ್ತಿತು. "ಬಿಡ್ರಿ, ನಿಮಗ ತ್ರಾಸ" ಎಂದು ಅಪ್ಪ ಮೆತ್ತಗೆ ಹುಟ್ಟು ತೆಗೆದುಕೊಂಡ. ನೋವಿನ ಭುಜದಲ್ಲೇ ಅವನು ನಮ್ಮನ್ನು ದಡ ಮುಟ್ಟಿಸಿದ.

ಜನ ಇಳಿದು ಹೋದರು. ನಾನು ದಂಡೆಯ ಕಲ್ಲಿನ ಮೇಲೆ ಕೂತೆ. ಗಂಡನ ಸಿಟ್ಟು ಆಗ ಸಿಡಿಯಿತು. ಅಪ್ಪನ ಮುಂದೆ ಅವರು ಅಷ್ಟು ಉದ್ದದ ಮಾತಾಡಿದ್ದು ಅದೇ ಮೊದಲು.

"ಬಸರಿ ಹೆಂಗಸು ಕುಂತಾಳ ದೋಣ್ಯಾಗ! ನಿಮಗ ಮೊದಲ ದಿನಾನ ಗೊತ್ತಾಗೈತಿ. ಅಂಗಡ್ಯಾಗ ಎತ್ತಿದಾಗ ಗೊತ್ತಾಗೈತಿ. ಎರಡ ತಿಂಗಳ ಹೊಳ್ಯಾಗ ಜೀವಾ ಒತ್ತಿ ಇಟ್ಟೀರಿ. ಒಂದ ಮಾತು ಹೇಳಾಕ ಏನ ಆಗಿತ್ತು ನಿಮಗ?"

ಅಪ್ಪ ದೋಣಿಯ ಹಗ್ಗವನ್ನು ಗೂಟಕ್ಕೆ ಸುತ್ತುತ್ತಿದ್ದ. ಸುತ್ತಿ ಮುಗಿಸಿ, ಗಂಟು ಬಿಗಿದು, ಆಮೇಲೆ ತಲೆ ಎತ್ತಿದ.

"ಒಂದ ಸಲ ಹೇಳಿದ್ನೆಲ್ರಿ, ಹಂದರದಾಗ. ಒಂದ ಹನಿ ಮಾತಿಗೆ ಒಂದ ವರ್ಷ ನೀವು ಈ ಹೊಳಿ ದಾಟಲಿಲ್ಲ. ಎಂಜಿನ್ ನಿಂತ್ರ ನಾನು ಹುಟ್ಟು ಹಾಕ್ತೀನಿ. ಹುಟ್ಟು ಮುರದ್ರ ಈಸ್ತೀನಿ. ಹೊಳಿ ನನಗ ಗೊತ್ತೈತ್ರಿ. ನಿಮ್ಮ ಮನಿ ನನಗ ಗೊತ್ತಿಲ್ಲ. ಅಲ್ಲಿ ನನ್ನ ಮಗಳ ಮ್ಯಾಲ ಏನ ಬೀಳತೈತಿ ಅನ್ನೂದು ನನಗ ಕಾಣೂದಿಲ್ಲ."

ನಾನು ಅತ್ತೆ. ಇಬ್ಬರ ಮೇಲೂ ಸಿಟ್ಟು ಬಂತು. ಒಬ್ಬನಿಗೆ ನನ್ನ ಗಂಡ ಅಷ್ಟು ಕೆಟ್ಟವರಾಗಿ ಕಂಡರಲ್ಲ ಎಂದು, ಇನ್ನೊಬ್ಬರು ಹಾಗೆ ಕಾಣುವಂತೆ ಒಂದು ವರ್ಷ ಮುಖ ತಿರುವಿಕೊಂಡು ಕೂತರಲ್ಲ ಎಂದು. ಸುಳ್ಳು ಹೇಳಿ ಆ ಟ್ಯಾಂಕನ್ನು ತರಿಸಿದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಗಂಡ ದೋಣಿಗೆ ಹತ್ತಿ, ಪಾನಾ ಹಾಕಿ, ಟ್ಯಾಂಕನ್ನು ಬಿಚ್ಚತೊಡಗಿದರು. ಕೈ ಕೆಲಸದ ಮೇಲೆಯೇ ಇತ್ತು, ಮುಖ ಎತ್ತಲಿಲ್ಲ.

"ನಾಳೆ ನನ್ನ ಜೋಡಿ ಬರ್ರಿ ಮಾವಾರ. ಹೊಸಾದು ಮಾಡೂಣು, ಇಬ್ರೂ ಕೂಡಿ. ಮಾಡೂತನಾ ನಮ್ಮ ಮನ್ಯಾಗ ಇರ್ರಿ. ಮನಿ ನೋಡ್ರಿ."

ಮೊದಲ ಸಲ ಮಾವಾರ ಎಂದದ್ದು ನನಗೆ ಕೇಳಿಸಿತು, ಅಪ್ಪನಿಗೂ ಕೇಳಿಸಿತು. ಅಪ್ಪ ಹೊಸ ನೀರಿನ ಕಾಲದಲ್ಲಿ ಒಂದು ದಿನವೂ ಹೊಳೆ ಬಿಟ್ಟು ಹೋದವನಲ್ಲ. ಮಗಳ ಮನೆಯ ನೇಮ ಬೇರೆ. ದಂಡೆಯ ಮೇಲಿನ ಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಇನ್ನೇನು ಆ ಮಾತು ಎತ್ತುವವಳಿದ್ದಳು. ಅಪ್ಪ ಅವಳ ಕಡೆ ನೋಡದೆಯೇ, "ಆತ್ರಿ, ಬರ್ತೀನಿ" ಎಂದುಬಿಟ್ಟ. ದೋಣಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟ, ಹುಟ್ಟು ಹಾಕಿಕೊಂಡೇ ನಡೆಸು ಎಂದ.

ಮರುದಿನ ಮುಂಜಾನೆ ಇಬ್ಬರೂ ಹೋದರು. ನಾನು ಹೋಗುವಂತಿರಲಿಲ್ಲ. ಬಾಣಂತನಕ್ಕೆಂದು ಬಂದವಳನ್ನು ಯಾರು ವಾಪಸು ಕಳಿಸುತ್ತಾರೆ? ಹೊಳೆ ನೋಡುತ್ತ ಕೂತೆ.

ಎರಡು ದಿನದ ಕೆಲಸ ಎಂಟು ದಿನವಾಯಿತು. ಮೊದಲು ತಗಡು ತೆಳುವೆಂದು ಅಪ್ಪ ಬೇಡವೆಂದನಂತೆ. ನರಗುಂದಕ್ಕೆ ಹೋಗಿ ದಪ್ಪ ತಗಡು ತಂದರಂತೆ. ಮೂರನೆಯ ದಿನ ನರೇಗಲ್ಲಿನ ನಮ್ಮ ಪಕ್ಕದ ಮನೆಯಾಕೆ ಫೋನ್ ಮಾಡಿ ಪಿಸುದನಿಯಲ್ಲಿ ಹೇಳಿದಳು: "ಅಕ್ಕಾ, ನಿಮ್ಮಪ್ಪಾರು ಅಂಗಡ್ಯಾಗ ನಿಂತು ನಿಮ್ಮ ಯಜಮಾನ್ರಿಗೆ ಬಾಯಿಗೆ ಬಂದಂಗ ಬೈಯಾಕತ್ತಾರ. ತೂತು ಭಾಳ ದೊಡ್ಡವು ಮಾಡೀಯಂತ." "ಅವ್ರು ಏನ ಮಾಡಾಕತ್ತಾರ?" ಎಂದು ಕೇಳಿದೆ. "ಅವ್ರೂ ಬೈಯಾಕತ್ತಾರ. ಆಮ್ಯಾಲ ಇಬ್ರೂ ಕಟ್ಟಿ ಮ್ಯಾಲ ಕುಂತು ನಮ್ಮ ಮನಿಂದ ಚಹಾ ತರಿಸಿಕೊಂಡು ಕುಡದ್ರು. ಲೋಟ ಬೆಳಕಿಗೆ ಹಿಡದು ನೋಡಿ ಕೊಟ್ರು ನಿಮ್ಮಪ್ಪ."

ಆಮೇಲೆ ದಿನಾ ಆಕೆಗೆ ನಾನೇ ಫೋನ್ ಮಾಡತೊಡಗಿದೆ. ಅಪ್ಪ ನನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿದನಂತೆ. ಅವು ದೇಶದ ನಕಾಶೆಯ ಹಾಗಿದ್ದವೆಂದು ಗಂಡ ಊರೆಲ್ಲ ಹೇಳಿಕೊಂಡು ಬಂದರಂತೆ. ನನ್ನ ಮನೆಯ ಪಡಸಾಲೆಯಲ್ಲಿ ಅಪ್ಪ ಗೊರಕೆ ಹೊಡೆದು ಮಲಗಿದನಂತೆ. ಎಲ್ಲವೂ ಅಂತೆ, ಅಂತೆ. ಒಂದನ್ನೂ ನಾನು ಕಣ್ಣಾರೆ ಕಾಣಲಿಲ್ಲ. ನನ್ನ ಕಟ್ಟೆ, ನನ್ನ ಅಪ್ಪ, ನನ್ನ ಗಂಡ. ನಾನು ಒಂದು ವರ್ಷ ಬೇಡಿಕೊಂಡದ್ದು ನನ್ನ ಮನೆಯಲ್ಲೇ ಎಂಟು ದಿನ ನಡೆಯಿತು, ನಾನು ಮಾತ್ರ ಹೊಳೆಯ ಈ ಕಡೆ ಇದ್ದೆ.

ಈಗ ಅಪ್ಪ ಇಲ್ಲ. ದೋಣಿಯೂ ಇಲ್ಲ, ಜನ ರಸ್ತೆ ಹಿಡಿದು ಮೋಟಾರ್ ಸೈಕಲ್ಲಿನಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಗಂಡನ ಅಂಗಡಿಯಲ್ಲಿ ಈಗ ಕಿಟಕಿಯ ಗ್ರಿಲ್ಲು, ಗೇಟುಗಳದ್ದೇ ಕೆಲಸ. ಆ ಎಂಟು ದಿನ ಏನು ಮಾತಾಡಿದಿರಿ ಎಂದು ನಾನು ಅವರನ್ನು ನೂರು ಸಲ ಕೇಳಿದ್ದೇನೆ. "ಮಾತೇನು, ಬರೇ ಬೈಸಿಕೊಂಡೆ" ಎನ್ನುತ್ತಾರೆ. ಹಾಗೆನ್ನುವಾಗ ಅವರ ದನಿ ಪ್ರತಿ ಸಲ ಹಗುರಾಗುತ್ತದೆ. ಅದನ್ನು ಕೇಳಬೇಕೆಂದೇ ನಾನು ಮತ್ತೆ ಮತ್ತೆ ಕೇಳುತ್ತೇನೋ ಏನೋ.

ಒಂಬತ್ತನೆಯ ದಿನ ಹೊಸ ಟ್ಯಾಂಕಿನೊಂದಿಗೆ ಇಬ್ಬರೂ ಆಚೆ ದಡಕ್ಕೆ ಬಂದರು. ಅಲ್ಲಿಯೇ ಟ್ಯಾಂಕನ್ನು ದೋಣಿಗೆ ಕೂರಿಸಿ ಹೊರಟರು. ಅವ್ವ ಬೇಡವೆಂದರೂ ನಾನು ಹೊಟ್ಟೆ ಹಿಡಿದುಕೊಂಡು ನೀರಿನ ಅಂಚಿಗೆ ಬಂದೆ. ನಡು ಹೊಳೆಯ ಸೆಳವಿನಲ್ಲಿ ದೋಣಿಯ ಮೂತಿ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ಎಂಜಿನ್ ನಿಲ್ಲಲಿಲ್ಲ. ಅಪ್ಪ ಒಂದು ಕೈ ಬೀಸಿ ಬೀಸಿ ಏನನ್ನೋ ಬೈಯುತ್ತಿದ್ದ. ಗಂಡ ತಲೆ ಹಿಂದಕ್ಕೆ ಚೆಲ್ಲಿ ನಗುತ್ತ ತಿರುಗಿ ಏನೋ ಉತ್ತರ ಕೊಡುತ್ತಿದ್ದರು. ಎಂಜಿನ್ನಿನ ಸದ್ದಿಗೆ ಒಂದು ಮಾತೂ ನನ್ನ ತನಕ ಬರಲಿಲ್ಲ.